ಇಪ್ಪತ್ತೈದು ರೂಪಾಯಿ ಸ್ವೀಕರಿಸಲಾಗಿದೆ

ನಿನ್ನೆ ಸಂಜೆ ನಾನು ಒಂದು ಹನಿಕೇಕ್ ತಿಂದೆ. ಒಂದೇ ಒಂದು. ಇವತ್ತು ಬೆಳಿಗ್ಗೆ ಹೊತ್ತಿಗೆ ಈ ವಿಷಯ ಇಸ್ತ್ರಿ ಅಂಗಡಿಯವನಿಗೆ, ಎದುರುಮನೆ ಅಜ್ಜಿಗೆ, ಪೇಪರ್ ಹಾಕುವ ಹುಡುಗನಿಗೆ ಗೊತ್ತಾಗಿತ್ತು. ನನ್ನ ಹೆಂಡತಿಗಂತೂ ನಿನ್ನೆ ರಾತ್ರಿಯೇ ಗೊತ್ತಾಗಿತ್ತು. ನನಗೆ ಶುಗರ್ ಇದೆ. ಅದು ಇವರಿಗೆಲ್ಲ ಮೊದಲೇ ಗೊತ್ತು.

ತಪ್ಪು ನನ್ನದಲ್ಲ. ಆ ಪೆಟ್ಟಿಗೆಯದು.

ಯಾವ ಪೆಟ್ಟಿಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇಕರಿ, ಹಾಲಿನ ಬೂತು, ಕಟ್ಟಿನಕೆರೆ ಮಾರುಕಟ್ಟೆಯ ಸೊಪ್ಪಿನ ಬುಟ್ಟಿ, ಎಲ್ಲ ಕಡೆ ಕೂತಿರುತ್ತದಲ್ಲ, ಅದೇ. ನೋಡಲು ಸಣ್ಣ ಟಿಫಿನ್ ಡಬ್ಬಿ. ಗಂಟಲು ಮಾತ್ರ ಗಣಪತಿ ಪೆಂಡಾಲಿನ ಸ್ಪೀಕರ್‌ದು. ನೀವು ಸ್ಕ್ಯಾನ್ ಮಾಡಿ ದುಡ್ಡು ಹಾಕಿದ ತಕ್ಷಣ ಅದು ಬೀದಿಗೆಲ್ಲ ಸಾರುತ್ತದೆ. ಹಳ್ಳಿ ಮದುವೆಯಲ್ಲಿ ಮೈಕ್ ಹಿಡಿದು ಮುಯ್ಯಿ ಕೂಗುತ್ತಾರಲ್ಲ, ಹಾಗೆ. ಅಲ್ಲಾದರೂ ಮುಯ್ಯಿ ಹಾಕಿದವರಿಗೆ ಊಟ ಇರುತ್ತೆ. ಇಲ್ಲಿ ಬರೀ ಮರ್ಯಾದೆ ಹೋಗುತ್ತೆ. ಭಾಷೆ ಬೇರೆ ನೋಡಿ, ‘ಸ್ವೀಕರಿಸಲಾಗಿದೆ’ ಅಂತೆ! ಹಾಸನದಲ್ಲಿ ಹುಟ್ಟಿದ ಯಾರ ಬಾಯಲ್ಲೂ ನಾನು ಈ ಪದ ಕೇಳಿಲ್ಲ. ಇಲ್ಲಿ ದುಡ್ಡು ‘ಬಂತು’, ಇಲ್ಲವೇ ‘ಬರಲಿಲ್ಲ’. ಅಷ್ಟೇ.

ಪೆಟ್ಟಿಗೆ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅದರ ಪಕ್ಕದಲ್ಲಿ ಮೇಷ್ಟ್ರು ಇದ್ದಾರೆ.

ಮೇಷ್ಟ್ರು ಅಂದರೆ ನಮ್ಮ ಹಿಂದಿನ ಬೀದಿಯವರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಸಾಲಗಾಮೆ ರಸ್ತೆಯಿಂದ ನಮ್ಮ ಕ್ರಾಸಿಗೆ ತಿರುಗುವಾಗ ಸಿಗುವ ಬೇಕರಿಯ ಮುಂದೆ ಒಂದು ಕಲ್ಲುಬೆಂಚಿದೆ. ಸಂಜೆ ಐದರಿಂದ ಎಂಟರವರೆಗೆ ಅದು ಅವರದು. ಕೈಯಲ್ಲಿ ಪೇಪರ್ ಇರುತ್ತದೆ, ಕಣ್ಣೂ ಪೇಪರಿನಲ್ಲೇ ಇರುತ್ತದೆ. ಕಿವಿ ಮಾತ್ರ ಪೆಟ್ಟಿಗೆಯಲ್ಲಿರುತ್ತದೆ. ಪೆಟ್ಟಿಗೆ ಹೇಳಿದ ಮೊತ್ತದಿಂದ ಯಾರು ಏನು ಕೊಂಡರು ಅಂತ ಕಂಡುಹಿಡಿಯುವುದು ಅವರ ಹವ್ಯಾಸ. ಬೇಕರಿಯ ಬೆಲೆಪಟ್ಟಿ ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠ.

"ಹದಿನೈದು. ಖಾರಾ ಬನ್."

"ಎಪ್ಪತ್ತು. ಒಂದು ಬ್ರೆಡ್ಡು, ಒಂದು ಹನಿಕೇಕ್. ಬ್ರೆಡ್ಡು ಮನೆಗೆ, ಹನಿಕೇಕ್ ದಾರಿಗೆ."

"ಮುನ್ನೂರೈವತ್ತು. ಮೂಲೆಮನೆ ಹುಡುಗಿ ಹುಟ್ಟಿದಹಬ್ಬ ಇರ್ಬೇಕು. ಹೋದ ವರ್ಷ ಒಂದು ಕೆಜಿ ತಗೊಂಡಿದ್ರು, ಈ ಸಲ ಅರ್ಧ. ಅವರಪ್ಪಂಗೆ ಕೆಲಸ ಹೋಯ್ತಾ ಹೆಂಗೆ?"

ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ. ಒಮ್ಮೆ ಯಾರೋ ಒಂದು ರೂಪಾಯಿ ಹಾಕಿದರು. ‘ಒಂದು ರೂಪಾಯಿ ಸ್ವೀಕರಿಸಲಾಗಿದೆ.’ ಮೇಷ್ಟ್ರು ಪುಟ ತಿರುಗಿಸುತ್ತಾ, "ಹೊಸಬ. ಯಾರನ್ನೂ ನಂಬಲ್ಲ. ಇನ್ನು ಐದು ನಿಮಿಷಕ್ಕೆ ದೊಡ್ಡ ಮೊತ್ತ ಬರುತ್ತೆ ನೋಡು" ಅಂದರು. ಮೂರೇ ನಿಮಿಷಕ್ಕೆ ಆರುನೂರು ಬಂತು. ಬೇಕರಿಯವನು ಮೇಷ್ಟ್ರಿಗೆ ಕೈಮುಗಿದ. ಈಗೀಗ ಕಿಚ್ಚ ಸುದೀಪ್ ದನಿಯಲ್ಲಿ ಮಾತಾಡುವ ಪೆಟ್ಟಿಗೆಯೂ ಬಂದಿದೆಯಲ್ಲ, ಅದನ್ನು ಹಾಕಿಸಿಕೊಳ್ಳೋಣವೇ ಅಂತ ಅವನು ಕೇಳಿದಾಗ ಮೇಷ್ಟ್ರು ಒಪ್ಪಲಿಲ್ಲ. "ಬೇಡ. ಜನ ದನಿ ಕೇಳ್ತಾರೆ, ಲೆಕ್ಕ ಕೇಳಲ್ಲ" ಅಂದರಂತೆ.

ಅವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಎರಡು ವರ್ಷದ ಕೆಳಗೆ ನಾನು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಯಾರಿಗೂ ಹೇಳಿರಲಿಲ್ಲ. ಮೂರನೇ ದಿನ ಮೇಷ್ಟ್ರು ಎಳನೀರು ಹಿಡಿದುಕೊಂಡು ವಾರ್ಡಿಗೆ ಬಂದರು. ಹೇಗೆ ಗೊತ್ತಾಯಿತು ಅಂದರೆ, "ನಿನ್ನ ಹೆಂಡ್ತಿ ಮೂರು ದಿನದಿಂದ ಬೆಳಿಗ್ಗೆ ಆರಕ್ಕೇ ಬ್ರೆಡ್ ತಗೋತಿದಾಳಂತೆ ಕಣಯ್ಯಾ. ಚೆನ್ನಾಗಿರೋ ಮನೇಲಿ ಆ ಹೊತ್ತಿಗೆ ಯಾರು ಬ್ರೆಡ್ ತಿಂತಾರೆ?" ಅಂದರು.

ಸರಿ, ಅದು ಹಾಗಿರಲಿ. ಕೇಕಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೇಕರಿ ತಿನಿಸು ಬಿಡಿ ಅನ್ನುವುದು, ಮೀನಿಗೆ ಹೇಮಾವತಿ ಬಿಡು ಅಂದ ಹಾಗೆ. ಊರೂರಿನ ಅಯ್ಯಂಗಾರ್ ಬೇಕರಿಯವರನ್ನು ನಿಮ್ಮ ಕಡೆ ಯಾವುದು ಅಂತ ಕೇಳಿ ನೋಡಿ, ಬಹಳ ಜನ ಹಾಸನದ ಯಾವುದಾದರೂ ಹಳ್ಳಿ ಹೆಸರು ಹೇಳುತ್ತಾರೆ. ಡಾಕ್ಟರಿಗೆ ಇದು ಅರ್ಥವಾಗುವುದಿಲ್ಲ. ಹಾಗಾಗಿ ನಾನು ವಾರಕ್ಕೊಂದು ಸಲ, ವಾಕಿಂಗ್ ಅಂತ ಹೇಳಿ ಹೊರಟು, ಕದ್ದು ತಿನ್ನುತ್ತೇನೆ.

ಹೋದ ವರ್ಷ, ಅಂದರೆ 2025ರ ಜುಲೈನಲ್ಲಿ, ಎರಡು ವಾರ ನನಗೆ ಸ್ವರ್ಗ ಸಿಕ್ಕಿತ್ತು. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತಲ್ಲ, ಆಗ. ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ಸರಕು ಮಾರಿದರೆ ಜಿಎಸ್‌ಟಿ ನೋಂದಣಿ ಬೇಕು. ಅಂಗಡಿಯವರಿಗೆ ಬಂದದ್ದೆಲ್ಲ ಫೋನಿನಲ್ಲಿ ದಾಖಲಾಗಿತ್ತು. ಹಾವೇರಿಯಲ್ಲಿ ತರಕಾರಿ ಮಾರುವವರಿಗೇ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದ ಸುದ್ದಿ ಓದಿ ನಮ್ಮ ಬೇಕರಿಯವನ ಕೈಕಾಲು ತಣ್ಣಗಾಯಿತು. ಮಾರನೇ ದಿನವೇ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ರಟ್ಟಿನ ಬೋರ್ಡು ಬಿತ್ತು. ಪೆಟ್ಟಿಗೆ ಬಿಸ್ಕತ್ ಡಬ್ಬಿಯ ಹಿಂದೆ ಹೋಗಿ ಕೂತಿತು.

ಆ ಎರಡು ವಾರ ಮೇಷ್ಟ್ರು ನಿಜವಾಗಿಯೂ ಪೇಪರ್ ಓದಿದರು. ನಾನು ನಾಲ್ಕು ಹನಿಕೇಕ್ ತಿಂದೆ. ಬೇಕರಿಯವನಿಗೆ ಮಾತ್ರ ನಿದ್ದೆ ಇರಲಿಲ್ಲ. ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ, ಕೇಕಿಗೆ ಇದೆ. ಯಾವುದು ಎಷ್ಟು ಮಾರಿದೆ ಅಂತ ನಾಲ್ಕು ವರ್ಷದ ಹಿಂದಿನದನ್ನು ಕೇಳಿದರೆ ಎಲ್ಲಿಂದ ತರಲಿ ಅಂತ ಒದ್ದಾಡುತ್ತಿದ್ದ. (ಬ್ರೆಡ್ ಒಳ್ಳೆಯದು, ಕೇಕ್ ಕೆಟ್ಟದ್ದು ಅನ್ನುವುದರಲ್ಲಿ ಸರ್ಕಾರಕ್ಕೂ ನನ್ನ ಹೆಂಡತಿಗೂ ಒಂದೇ ಅಭಿಪ್ರಾಯ ಇರುವುದು ನನಗೆ ಆಗಲೇ ಗೊತ್ತಾಗಿದ್ದು.) ಡಿಜಿಟಲ್ ಆಗಿ ಡಿಜಿಟಲ್ ಆಗಿ ಅಂತ ಹೇಳಿ, ಆದಮೇಲೆ ಅದನ್ನೇ ಹಿಡಿದು ನೋಟಿಸ್ ಕೊಟ್ಟರೆ ಯಾರಿಗೆ ಹೇಳುವುದು? ಹಳೇ ಬಾಕಿ ಕೇಳಲ್ಲ ಅಂತ ಸರ್ಕಾರ ಹೇಳಿದ ಮೇಲೆ ಬೋರ್ಡು ಇಳಿಯಿತು, ಪೆಟ್ಟಿಗೆ ಮತ್ತೆ ಗಲ್ಲಾದ ಮೇಲೆ ಹತ್ತಿತು. ನನ್ನ ಸ್ವರ್ಗ ಮುಗಿಯಿತು.

ಈಗ ನಿನ್ನೆಯ ಕಥೆ. ಆರೂವರೆ. ಬೆಂಚಿನ ಮೇಲೆ ಮೇಷ್ಟ್ರು ಇದ್ದರೂ ಆಸೆ ತಡೆಯಲಿಲ್ಲ. ಹನಿಕೇಕ್ ಇಸಿದುಕೊಂಡು, ಒಂದು ತುತ್ತು ಬಾಯಿಗೆ ಹಾಕಿ, ಸ್ಕ್ಯಾನ್ ಮಾಡಿದೆ. ಫೋನಿನಲ್ಲಿ ಹಸಿರು ಟಿಕ್ ಬಂತು. ಪೆಟ್ಟಿಗೆ ಮಾತಾಡಲಿಲ್ಲ.

"ಬಂದಿಲ್ಲ ಸಾರ್."

ಫೋನ್ ತೋರಿಸಿದೆ.

"ಫೋನ್ ತೋರಿಸಬೇಡಿ ಸಾರ್. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗೋರು ಜಾಸ್ತಿ ಆಗಿದಾರೆ. ನಿಮಗಲ್ಲ ಹೇಳ್ತಿರೋದು."

ನನಗಲ್ಲದೆ ಮತ್ಯಾರಿಗೆ? ಅಲ್ಲಿ ಫೋನ್ ಹಿಡಿದು ನಿಂತಿದ್ದವನು ನಾನೊಬ್ಬನೇ. ನನ್ನ ಮಾತಿಗೆ ಬೆಲೆ ಇಲ್ಲ, ಬ್ಯಾಂಕಿನ ಮೆಸೇಜಿಗೆ ಬೆಲೆ ಇಲ್ಲ. ಪೆಟ್ಟಿಗೆ ಬಾಯಿ ಬಿಟ್ಟರೆ ಮಾತ್ರ ನಾನು ಸಾಚಾ. ಬೇಕರಿಯವನು ಅದನ್ನು ಎತ್ತಿದ, ಕುಲುಕಿದ, ಹಿಂದೆ ಊದಿದ, ಮಗುವಿಗೆ ತೇಗು ಬರಿಸುವ ಹಾಗೆ ಬೆನ್ನು ತಟ್ಟಿದ. ಉಸಿರಿಲ್ಲ. "ನೆಟ್‌ವರ್ಕ್ ಇಲ್ಲ ಸಾರ್" ಅಂದ.

ಇದೇ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಇದೆ. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅಲ್ಲಿ ಕೂತವರು ಹೀಗೆ ತಿರುಗು, ಹಾಗೆ ತಿರುಗು ಅಂತ ಆಡಿಸುತ್ತಾರೆ. ಅವೂ ಹೇಳಿದ ಮಾತು ಕೇಳುತ್ತವೆ. ಅದೇ ರಸ್ತೆಯ ಬೇಕರಿಯಲ್ಲಿ, ನನ್ನ ಕೈಯಿಂದ ಎರಡು ಅಡಿ ದೂರದ ಡಬ್ಬಿಗೆ ಇಪ್ಪತ್ತೈದು ರೂಪಾಯಿ ಮುಟ್ಟುವುದಿಲ್ಲ.

ಆರು ನಿಮಿಷ ನಿಂತೆ. ಅಷ್ಟರಲ್ಲಿ ಕೇಕ್ ಖಾಲಿಯಾಯಿತು. ಕೊನೆಗೆ ಅವನು, "ಹೋಗ್ಲಿ ಬಿಡಿ ಸಾರ್, ಬಂದೇ ಬರುತ್ತೆ" ಅಂದ. ಆಗ ನನಗೆ ಹೊಳೆಯಿತು. ಕೇಕ್ ಹೊಟ್ಟೆಯಲ್ಲಿದೆ, ದುಡ್ಡು ಹೋಗಿದೆ, ಪೆಟ್ಟಿಗೆ ಕೂಗಿಲ್ಲ! ಮನಸ್ಸಿನಲ್ಲೇ ಹಾಸನಾಂಬೆಗೆ ಕೈಮುಗಿದು ಮನೆ ದಾರಿ ಹಿಡಿದೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ತಾಯಿ, ನನಗೋಸ್ಕರ ನಡುವೆ ಒಂದು ಸಲ ಕಣ್ಣು ಬಿಟ್ಟಳು ಅಂದುಕೊಂಡೆ.

ಏಳು ಗಂಟೆಗೆ ಹೆಂಡತಿ ಬ್ರೆಡ್ ತರಲು ಹೋದಳು. ನಲವತ್ತೈದು ಹಾಕಿದಳು. ಆ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಗೆ ಜೀವ ಬಂತು. ‘ನಲವತ್ತೈದು ರೂಪಾಯಿ ಸ್ವೀಕರಿಸಲಾಗಿದೆ.’ ಉಸಿರು ತೆಗೆದುಕೊಂಡು, ‘ಇಪ್ಪತ್ತೈದು ರೂಪಾಯಿ ಸ್ವೀಕರಿಸಲಾಗಿದೆ.’

"ಇದ್ಯಾರದು?" ಅಂದಳು ಹೆಂಡತಿ.

"ಸಾರ್‌ದು ಮೇಡಂ! ಪಾಪ, ಆಗಲೇ ಹಾಕಿದ್ರು, ನಾನೇ ಅನುಮಾನ ಪಟ್ಟೆ" ಅಂದ ಅವನು, ನನ್ನ ಪ್ರಾಮಾಣಿಕತೆ ಸಾಬೀತಾದ ಖುಷಿಯಲ್ಲಿ.

"ಏನು ತಗೊಂಡ್ರು?"

ಅವನು ಆಗ ನಾಲಿಗೆ ಕಚ್ಚಿಕೊಂಡ. ಆದರೆ ಬೆಂಚಿನ ಕಡೆಯಿಂದ ಉತ್ತರ ಬಂತು. "ಇಪ್ಪತ್ತೈದು ಅಂದ್ರೆ ಎರಡೇ ಕಣಮ್ಮ. ವೆಜ್ ಪಫ್ಫು, ಇಲ್ಲಾ ಹನಿಕೇಕ್. ಪಫ್ ಬಿಸಿಯಾಗಿ ಬರೋದು ನಾಲ್ಕು ಗಂಟೆಗೆ. ಆರೂವರೆಗೆ ಅದು ರಟ್ಟು. ನಿಮ್ಮ ಯಜಮಾನರು ರಟ್ಟು ತಿನ್ನಲ್ಲ. ಅನುಮಾನ ಇದ್ರೆ ಮೀಸೆ ನೋಡು. ಹನಿಕೇಕಿನ ಮೇಲೆ ಕೊಬ್ಬರಿ ಪುಡಿ ಇರುತ್ತೆ."

ಇದನ್ನೆಲ್ಲ ಹೆಂಡತಿ ಮೇಷ್ಟ್ರ ದನಿಯಲ್ಲೇ ಹೇಳಿದಳು. ಹೇಳುವ ಮೊದಲು ಮೀಸೆ ನೋಡಿದ್ದಳು. ರಾತ್ರಿ ನನ್ನ ತಟ್ಟೆಗೆ ಅರ್ಧ ಮುದ್ದೆ ಬಿತ್ತು.

ಬೆಳಿಗ್ಗೆ ಮೇಷ್ಟ್ರು ಹೂ ಕೀಳುತ್ತಿದ್ದಾಗ ಹಿಡಿದೆ. ರಾತ್ರಿಯೆಲ್ಲ ತಯಾರಾಗಿದ್ದೆ. "ಮೇಷ್ಟ್ರೇ, 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟು ಏನು ಹೇಳಿದೆ ಗೊತ್ತಾ? ಖಾಸಗಿತನ ಮೂಲಭೂತ ಹಕ್ಕು ಅಂತ. ಒಂಬತ್ತು ಜನ ನ್ಯಾಯಮೂರ್ತಿಗಳು, ಒಬ್ಬರದೂ ತಕರಾರಿಲ್ಲ. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ, ಆಧಾರ್ ವಿರುದ್ಧ."

"ಗೊತ್ತು. ಸಂವಿಧಾನದ 21ನೇ ವಿಧಿ" ಅಂದರು ದಾಸವಾಳ ಕೀಳುತ್ತಾ. "ಆದ್ರೆ ಮೂಲಭೂತ ಹಕ್ಕು ಕೇಳೋದು ಸರ್ಕಾರದ ಹತ್ರ ಕಣಯ್ಯಾ. ನಾನು ಸರ್ಕಾರವಾ?"

ಮೂವತ್ತು ವರ್ಷ ಪಾಠ ಮಾಡಿದವರ ಜೊತೆ ವಾದಕ್ಕೆ ಇಳಿಯಬಾರದು. ವಾಪಸು ಬಂದೆ.

ಆಮೇಲೆ ಸುಮ್ನೆ ಕೂತಿದ್ದಾಗ ಊರಿನ ಶೆಟ್ಟರ ಅಂಗಡಿ ನೆನಪಾಯಿತು. ಅರಕಲಗೂಡು ಕಡೆಯ ಸಣ್ಣ ಹಳ್ಳಿ ನಮ್ಮದು. ಶೆಟ್ಟರ ಹತ್ತಿರ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆ ಸಾಲದ ಪುಸ್ತಕ ಇತ್ತು. ಇಡೀ ಊರಿನ ಬಡತನ ಅದರಲ್ಲಿತ್ತು. ನಾನು ಬೆಲ್ಲ ತರಲು ಹೋದರೆ ನಮ್ಮ ಪುಟ ತೆಗೆದು, ಪಕ್ಕದ ಪುಟವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬರೆಯುತ್ತಿದ್ದರು. ಎರಡನೇ ಕ್ಲಾಸಿನ ಹುಡುಗ ಕೂಡ ಓದಬಾರದು ಅಂತ. ದತ್ತಾಂಶ ರಕ್ಷಣೆಗೆ ನಮ್ಮ ಪಾರ್ಲಿಮೆಂಟು ಕಾಯ್ದೆ ಮಾಡಿದ್ದು 2023ರಲ್ಲಿ. ಶೆಟ್ಟರ ಅಂಗೈ ಅದಕ್ಕಿಂತ ಬಹಳ ಹಿಂದಿನದು.

ಅಪ್ಪ ತೀರಿಕೊಂಡಾಗ ಅಮ್ಮ ಹೋಗಿ ಲೆಕ್ಕ ಚುಕ್ತಾ ಮಾಡಿದಳು. ಆಗ ಮೊದಲ ಸಲ ನಮ್ಮ ಪುಟವನ್ನು ಪೂರ್ತಿ ನೋಡಿದ್ದು. ಎರಡು ದಿನಕ್ಕೊಂದು ಬೆಂಕಿಪೊಟ್ಟಣ ಅಂತ ಬರೆದಿತ್ತು. "ಶೆಟ್ರೇ, ನಮ್ಮನೆ ಒಲೆಗೆ ಇಷ್ಟೊಂದು ಬೆಂಕಿಪೊಟ್ಟಣ ನಾನ್ಯಾವಾಗ ಗೀರಿದೆ?" ಅಂತ ಕೇಳಿದಳು. ಶೆಟ್ಟರು ತಲೆ ಎತ್ತಲಿಲ್ಲ. "ಅದು ಯಜಮಾನ್ರ ಲೆಕ್ಕ ಕಣಮ್ಮ" ಅಂದರು. ಅಪ್ಪ ಬೀಡಿ ಬಿಟ್ಟು ಆರು ವರ್ಷವಾಯಿತು ಅಂತ ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಅಮ್ಮ ಆ ಬೆಂಕಿಪೊಟ್ಟಣಗಳ ದುಡ್ಡನ್ನೆಲ್ಲ ಎಣಿಸಿ ಕೊಟ್ಟಳು. ಬರುವಾಗ ದಾರಿಯಲ್ಲಿ ಅತ್ತಳೋ ನಕ್ಕಳೋ, ಸೆರಗು ಅಡ್ಡ ಇತ್ತು, ನನಗೆ ಕಾಣಲಿಲ್ಲ.

ಇವತ್ತು ಸಂಜೆ ಹಟಕ್ಕೆ ಬಿದ್ದು ಮತ್ತೆ ಬೇಕರಿಗೆ ಹೋದೆ. ಕೇಕಿನ ಆಸೆಗಲ್ಲ. ಹಕ್ಕಿನ ಪ್ರಶ್ನೆ. ಫೋನ್ ಮನೆಯಲ್ಲೇ ಬಿಟ್ಟು, ಎಟಿಎಂನಿಂದ ತಂದಿದ್ದ ನೋಟು ಜೇಬಿನಲ್ಲಿಟ್ಟುಕೊಂಡಿದ್ದೆ. ಅದೃಷ್ಟಕ್ಕೆ ಮೇಷ್ಟ್ರು ಇರಲಿಲ್ಲ, ಮಗಳ ಮನೆಗೆ ಹೋಗಿದ್ದರಂತೆ. ಹನಿಕೇಕ್ ತಿಂದೆ. ನೀರು ಇಸಿದುಕೊಂಡು ಮೀಸೆ ತೊಳೆದೆ. ಐನೂರರ ನೋಟು ಚಾಚಿದೆ.

"ಚಿಲ್ಲರೆ ಇಲ್ವಲ್ಲ ಸಾರ್" ಅಂತ ಗಲ್ಲಾ ಕೆದಕಿದ. ಆಮೇಲೆ ಮುಖ ಅರಳಿತು. "ತೊಂದ್ರೆ ಇಲ್ಲ, ಬಾಕಿ ನಿಮ್ಮ ನಂಬರಿಗೆ ಹಾಕ್ತೀನಿ. ನಂಬರ್ ಇದೆ ನನ್ನ ಹತ್ರ" ಅಂದವನೇ ಹಾಕಿಯೇಬಿಟ್ಟ. ನನಗೂ ಸಮಾಧಾನವಾಯಿತು. ದುಡ್ಡು ಹೊರಗೆ ಹೋಗುವಾಗ ಪೆಟ್ಟಿಗೆ ಕೂಗುವುದಿಲ್ಲ.

ಅವನ ಹತ್ತಿರ ಇದ್ದ ನಂಬರು ಯಾರದು ಅಂತ ನೆನಪಾಗಿದ್ದು ಮನೆ ಗೇಟಿನ ಚಿಲಕಕ್ಕೆ ಕೈ ಹಾಕಿದಾಗ. ಅವನಿಗೆ ಬ್ರೆಡ್ಡು, ರಸ್ಕು ಎತ್ತಿಡಲು ಫೋನ್ ಮಾಡುವುದು ನಾನಲ್ಲ.

ಹೆಂಡತಿ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಫೋನ್ ಹಿಡಿದು ಕೂತಿದ್ದಳು.

"ರೀ, ಐನೂರರಲ್ಲಿ ನಾನೂರ ಎಪ್ಪತ್ತೈದು ಕಳೆದ್ರೆ ಎಷ್ಟು?"