ಸೂಪಿಗೆ ಬಂದ ಹೆಸರು, ಮುದ್ದೆಗೆ ಸೇರಬೇಕಾದ್ದು

2014ರ ಕೊನೆಗೆ ಮಾರ್ಕೊ ಕನೋರಾ ಎಂಬ ಬಾಣಸಿಗ ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿರುವ ತನ್ನ ರೆಸ್ಟೋರೆಂಟಿನ ಕಿಟಕಿಯನ್ನೇ 'ಬ್ರೋಡೋ' ಎಂಬ ಅಂಗಡಿ ಮಾಡಿಕೊಂಡು, ಕಾಫಿ ಕೊಡುವಂಥ ಕಾಗದದ ಲೋಟದಲ್ಲಿ ಮೂಳೆ ಬೇಯಿಸಿದ ರಸ ಮಾರತೊಡಗಿದ. ಅಲ್ಲಿಂದೀಚೆಗೆ ಬೋನ್ ಬ್ರಾತ್ ಇಲ್ಲಿ ಮನೆಮಾತು. ನಮ್ಮ ನ್ಯೂಜೆರ್ಸಿಯ ಸಾಧಾರಣ ಸೂಪರ್‌ಮಾರ್ಕೆಟ್ಟಿನಲ್ಲೂ ಅದರ ಡಬ್ಬಿ, ಪುಡಿ ಸಾಲಾಗಿ ಕೂತಿರುತ್ತವೆ. ಕೀಲುನೋವಿಗೆ, ಕರುಳಿಗೆ, ಮುಖದ ಸುಕ್ಕಿಗೆ, ಉದುರುವ ಕೂದಲಿಗೆ, ಎಲ್ಲಕ್ಕೂ ಅದೇ ಮದ್ದು ಅನ್ನುವವರಿದ್ದಾರೆ. ಬೆಳಗಿನ ಮೀಟಿಂಗಿನಲ್ಲಿ ತಿಂಡಿ ಬಿಟ್ಟು ಅದೊಂದನ್ನೇ ಹೀರುತ್ತಾ ಕೂರುವವರೂ ಇದ್ದಾರೆ.

ಮಂಡ್ಯ ಕಡೆಯವನಾದ ನನಗೆ ರಸ ಹೊಸದಲ್ಲ, ಹಾಗೆ ಒಂಟಿಯಾಗಿ ಹೀರುವುದು ಹೊಸದು. ನಮ್ಮಲ್ಲಿ ಕೈಕಾಲು ಮುರಿದುಕೊಂಡವರಿಗೆ, ಬಾಣಂತಿಗೆ ಕಾಲು ಸೂಪು ಮಾಡುತ್ತಾರೆ. ಕುರಿಕಾಲನ್ನು ಕೂದಲು ಸಮೇತ ಬೆಂಕಿಯಲ್ಲಿ ಸುಟ್ಟು, ಕರಿ ಹೆರೆದು, ಗೊರಸು ಕಿತ್ತು, ಅರಿಶಿನ ಹಚ್ಚಿ ತೊಳೆದು, ಮೆಣಸು ಜೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಕುಕ್ಕರನ್ನು ಹತ್ತು ಹನ್ನೆರಡು ಸಲ ಕೂಗಿಸಬೇಕು. ಕುಡಿದರೆ ತುಟಿ ಅಂಟಬೇಕು, ಅಂಟದಿದ್ದರೆ ಇನ್ನೂ ಬೆಂದಿಲ್ಲ. ಆ ಅಂಟೇ ಜೆಲಟಿನ್. ಕಾಲಿನ ಚರ್ಮ, ನರ, ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಬೆಂದು ಕರಗಿದ್ದು.

ಅಂದಹಾಗೆ, ಕುಕ್ಕರಿನ ಮೂಲವೂ ಮೂಳೆಯೇ. 1679ರಲ್ಲಿ ಡೆನಿ ಪಾಪ್ಯಾಂ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದ ಹಬೆಯ ಪಾತ್ರೆ ಮೂಳೆ ಮೆತ್ತಗಾಗಿಸುವ ಯಂತ್ರವಾಗಿತ್ತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಮಾಂಸ ಉಳಿಸಿ ಬಡವರಿಗೆ ಮೂಳೆಯ ಜೆಲಟಿನ್ ಸೂಪು ಹುಯ್ದರು. ಇಷ್ಟೇ ಸಾಕೇ ಅಂತ ಜಗಳ ಎದ್ದಿತು. ಮಜಾಂದಿ ಎಂಬ ಶರೀರಶಾಸ್ತ್ರಜ್ಞರ ಸಮಿತಿ ನಾಯಿಗಳಿಗೆ ತಿನ್ನಿಸಿ ನೋಡಿ, ಬರೀ ಜೆಲಟಿನ್ನಿನಿಂದ ಜೀವ ಉಳಿಯದು ಎಂದು 1841ರಲ್ಲಿ ವರದಿ ಕೊಟ್ಟಿತು. ಊಟದಿಂದಲೇ ಸಿಗಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಒಂದು ಬಿಡಿಭಾಗ, ಅದರಲ್ಲಿ ಇಲ್ಲವೇ ಇಲ್ಲ ಅನ್ನುವುದು ಆಮೇಲೆ ತಿಳಿಯಿತು. ಮೀಟಿಂಗಿನ ಗೆಳೆಯರಿಗೆ ಈ ಕತೆ ಹೇಳಿದ್ದೇನೆ, ಯಾರೂ ಲೋಟ ಕೆಳಗಿಡಲಿಲ್ಲ.

ಕುಡಿದ ಕೊಲಾಜೆನ್ ನೆಟ್ಟಗೆ ಮಂಡಿಗೆ ಹೋಗಿ ಕೂರುವುದಿಲ್ಲ. ಬೇಳೆಯ ಪ್ರೋಟೀನಿನ ಹಾಗೆ ಅದೂ ಹೊಟ್ಟೆಯಲ್ಲಿ ಒಡೆಯುತ್ತದೆ, ದೇಹ ತನಗೆ ಬೇಕಾದ ಕಡೆ ಬಳಸಿಕೊಳ್ಳುತ್ತದೆ. ನೆಗಡಿಗೆ ಬಿಸಿ ಸೂಪು ಹಿತ, ಅದರಲ್ಲಿ ಎರಡು ಮಾತಿಲ್ಲ. ಊಟ ಸೇರದವರಿಗೆ ಎರಡು ಗುಟುಕು ಇಳಿಯುತ್ತದಲ್ಲ, ಅದೂ ದೊಡ್ಡದೇ.

ಹಾಗಂತ ನಮ್ಮವರ 'ಮೂಳೆಗೆ ಮೂಳೆ' ಲೆಕ್ಕ ಸರಿ ಅಂತಲ್ಲ. ಎಷ್ಟು ಹೊತ್ತು ಕುದಿಸಿದರೂ ಮೂಳೆಯ ಕ್ಯಾಲ್ಸಿಯಂ ನೀರಿಗೆ ಇಳಿಯುವುದು ಚೂರುಪಾರು. ಒಂದು ಲೋಟ ಹಾಲಿನ ಹತ್ತಿರಕ್ಕೂ ಬರುವುದಿಲ್ಲ. ಆದರೆ ನಮ್ಮಲ್ಲಿ ಸೂಪಿನ ಪಕ್ಕದಲ್ಲಿ ಮುದ್ದೆ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ. ಮುರಿದ ಕಾಲಿಗೆ ಬೇಕಾದ್ದು ತಟ್ಟೆಯಲ್ಲಿದ್ದರೆ ಹೆಸರು ಹೋಗಿದ್ದು ಬಟ್ಟಲಿಗೆ. ಮಿಲಿಟರಿ ಹೋಟೆಲಿನಲ್ಲೂ ಅಷ್ಟೇ, ಸೂಪು ಕುಡಿದವನು ಮುದ್ದೆ ಮುರಿಯದೆ ಏಳುವುದು ಕಡಿಮೆ. ಇಲ್ಲಿನವರು ಸೂಪನ್ನು ಊಟದಿಂದ ಬಿಡಿಸಿ ಮಾತ್ರೆಯ ಜಾಗಕ್ಕೆ ತಂದಿದ್ದಾರೆ. ನನ್ನ ತಕರಾರು ಅದೊಂದೇ.

ಇಲ್ಲಿ ಹಲಾಲ್ ಅಂಗಡಿಯಲ್ಲಿ ಕೇಳಿದರೆ ಮೇಕೆ ಕಾಲು ಸಿಗುತ್ತದೆ, ಗುಜರಾತಿಗಳ ಅಂಗಡಿಯಲ್ಲಿ ರಾಗಿಹಿಟ್ಟೂ ಸಿಗುತ್ತದೆ. ಕಾಲು ಚರ್ಮ ಸುಲಿದು ಬೆಳ್ಳಗೆ ಬರುವುದರಿಂದ ಸುಟ್ಟ ಘಮ ಇರದು. ಮನೆಯಲ್ಲೇ ಸುಡೋಣ ಅಂದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಡಬ್ಬಿಯದ್ದೇ ಸಾಕು ಅನ್ನುವವರು, ಅದರಲ್ಲೂ ಬಿಪಿ ಇರುವವರು, ಕೊಳ್ಳುವ ಮುಂಚೆ ಹಿಂದೆ ಬರೆದಿರುವ ಸೋಡಿಯಂ ಎಷ್ಟು ಅಂತ ನೋಡಿಕೊಳ್ಳಿ. ಕೆಲವು ಡಬ್ಬಿಗಳಲ್ಲಿ ಉಪ್ಪು ಧಾರಾಳವಾಗಿರುತ್ತದೆ.