ಬಿಳಿ ಚೌಕ ಯಾರದ್ದು?

ಬೆಳಿಗ್ಗೆ ಲಾಗಿನ್ ಆದ ತಕ್ಷಣ ನಾನು ಮೊದಲು ನೋಡುವುದು ಮೇಲ್ ಅಲ್ಲ, ಕ್ಯಾಲೆಂಡರ್. ಮೇಲ್ ಹೇಗಿದ್ದರೂ ಬಂದು ಬೀಳುತ್ತದೆ, ನಾಳೆ ಓದಿದರೂ ಆದೀತು. ಕ್ಯಾಲೆಂಡರ್ ಹಾಗಲ್ಲ. ನಿನ್ನೆ ಸಂಜೆ ಬಿಳಿಯಾಗಿ ಬಿಟ್ಟು ಹೋದ ಚೌಕಕ್ಕೆ ರಾತ್ರೋರಾತ್ರಿ ಯಾರೋ ಮೀಟಿಂಗ್ ಇಟ್ಟು ನೀಲಿ ಬಳಿದಿರುತ್ತಾರೆ. ಕೆಳಗೆ ಬರುತ್ತೇನೆ, ಬರುವುದಿಲ್ಲ, ಬರಬಹುದು ಅಂತ ಮೂರು ಬಟನ್. ಬರುವುದಿಲ್ಲ ಅಂತ ಒತ್ತಿದ ಧೈರ್ಯವಂತರನ್ನು ನಾನು ಜಾಸ್ತಿ ನೋಡಿಲ್ಲ. ನಾನಂತೂ 'ಬರಬಹುದು' ಗಿರಾಕಿ.

ಮೇಲ್, ಕ್ಯಾಲೆಂಡರ್, ಎಲ್ಲರೂ ಬರೆಯುವ ಬೋರ್ಡ್, ಮೂರನ್ನೂ ಒಂದೇ ಬ್ರೌಸರ್‌ನಲ್ಲಿ ತಂದು ಕೂರಿಸಿದ ಈ ಏರ್ಪಾಡಿಗೆ ಗ್ರೂಪ್‌ವೇರ್ ಅಂತ ಹೆಸರು. 1978ರಲ್ಲಿ ಪೀಟರ್ ಮತ್ತು ಟ್ರೂಡಿ ಜಾನ್ಸನ್-ಲೆನ್ಜ್ ಎಂಬ ದಂಪತಿ ಇಟ್ಟ ಹೆಸರಂತೆ. ಗಂಡ ಹೆಂಡತಿ ಸೇರಿ ಇಟ್ಟದ್ದು ಅಂತ ಗೊತ್ತಾದಾಗ ನನಗೆ ನಗು ಬಂತು. ಬರೀ ಇಬ್ಬರ ಹೊತ್ತು ಹೊಂದಿಸುವುದೇ ಎಷ್ಟು ಕಷ್ಟ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು, ಅಲ್ವಾ?

ಮೇಲ್‌ನಲ್ಲಿ ನನಗೆ ಭಯ ಇರುವುದು 'ರಿಪ್ಲೈ ಆಲ್' ಬಟನ್ನಿಗೆ ಮಾತ್ರ. 1997ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಸುಮಾರು 13 ಸಾವಿರ ಜನರಿದ್ದ ಒಂದು ಪಟ್ಟಿಯಿಂದ 'ನನ್ನ ಹೆಸರು ತೆಗೆಯಿರಿ' ಅಂತ ಒಬ್ಬರು ಎಲ್ಲರಿಗೂ ಬರೆದರು, 'ನನ್ನದೂ ತೆಗೆಯಿರಿ' ಅಂತ ಇನ್ನೊಬ್ಬರು, ಆಮೇಲೆ 'ದಯವಿಟ್ಟು ಎಲ್ಲರಿಗೂ ಉತ್ತರ ಕಳಿಸಬೇಡಿ' ಅಂತ ಎಲ್ಲರಿಗೂ ಉತ್ತರ ಕಳಿಸಿದವರು ಬೇರೆ. ಸರ್ವರ್ ಉಸಿರು ಕಟ್ಟಿ ಕೂತಿತು. ಮೇಲ್ ಸಾಫ್ಟ್‌ವೇರ್ ಮಾಡುವವರ ಮನೆಯಲ್ಲೇ ಹೀಗಾಯಿತು ಅನ್ನುವುದು ನನ್ನಂಥವರಿಗೆ ದೊಡ್ಡ ಸಮಾಧಾನ.

ಬೋರ್ಡಿನ ಕಷ್ಟ ಇದಕ್ಕೆ ಉಲ್ಟಾ. ಅಲ್ಲಿ ಪ್ರಶ್ನೆ ಹಾಕಿದರೆ 40 ಜನ ಓದಿದ್ದಾರೆ ಅಂತ ತೋರಿಸುತ್ತದೆ, ಉತ್ತರ ಸೊನ್ನೆ. ಒಬ್ಬೊಬ್ಬರೂ ಉಳಿದ 39 ಜನರ ಮೇಲೆ ನಂಬಿಕೆ ಇಟ್ಟಿರುತ್ತಾರೆ. 1978ರಲ್ಲಿ ಷಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಹಿಮಪಾತಕ್ಕೆ ಸಿಕ್ಕಿ ಮನೆಯಲ್ಲೇ ಕೂತಿದ್ದಾಗ ಶುರು ಮಾಡಿದ, ಕಂಪ್ಯೂಟರಿನಿಂದ ಫೋನ್ ಮಾಡಿ ಒಳಗೆ ಬರಬೇಕಿದ್ದ ಬೋರ್ಡಿಗೆ ಇದ್ದದ್ದು ಒಂದೇ ಫೋನ್ ಲೈನ್. ಒಬ್ಬರು ಓದಿ ಬರೆದು ಫೋನ್ ಇಟ್ಟ ಮೇಲೇ ಮತ್ತೊಬ್ಬರಿಗೆ ಜಾಗ. ಸರದಿ ಕಾದು ಒಳಗೆ ಬಂದವರು ಸುಮ್ನೆ ಓದಿ ಹೋಗುತ್ತಿರಲಿಲ್ಲ ಅಂತ ನನ್ನ ಊಹೆ.

ಆದರೆ ನನ್ನ ಜಗಳ ಇರುವುದು ಕ್ಯಾಲೆಂಡರ್ ಜೊತೆಗೇ. ಜೊನಾಥನ್ ಗ್ರೂಡಿನ್ ಎಂಬ ಸಂಶೋಧಕರು 1988ರಲ್ಲೇ ಇದರ ಮರ್ಮ ಹಿಡಿದಿದ್ದರು. ಮೀಟಿಂಗ್ ತಾನಾಗಿ ಗೊತ್ತುಮಾಡುವ ಸಾಫ್ಟ್‌ವೇರ್‌ನಿಂದ ಲಾಭ ಮೀಟಿಂಗ್ ಕರೆಯುವವರಿಗೆ, ಆದರೆ ಅದು ನಡೆಯಬೇಕಾದರೆ ಉಳಿದವರೆಲ್ಲ ದಿನಾ ತಮ್ಮ ಕ್ಯಾಲೆಂಡರ್ ತುಂಬಿಸುತ್ತಾ ಇರಬೇಕು ಅಂತ. ನಮ್ಮಲ್ಲಿ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಅನ್ನುತ್ತಾರಲ್ಲ, ಅದೇ ಮಾತು. ನಾನು ನಿಯತ್ತಿನಿಂದ ಎಲ್ಲವನ್ನೂ ತುಂಬಿಸಿ, ಎಲ್ಲಿ ಪುರುಸೊತ್ತಿದೆ ಅಂತ ನಾನೇ ತೋರಿಸಿಕೊಟ್ಟೆ. ಆ ಜಾಗಕ್ಕೇ ಜನ ಬಂದು ಕೂತರು.

ಆಮೇಲೆ ಬುದ್ಧಿ ಬಂತು. ವಾರಕ್ಕೆ ಮೂರು ಕಡೆ 'ವರದಿ ಪರಿಶೀಲನೆ' ಅಂತ ಹಾಕಿಟ್ಟೆ. ಅಂಥ ವರದಿ ಯಾವುದೂ ಇಲ್ಲ. ಹೊರಗಿನವರಿಗೆ ಕಾಣುವುದು 'ಬಿಜಿ' ಅಂತ ಮಾತ್ರ, ಹಾಗಾಗಿ ಹೆಸರು ಕೊಡುವ ಅಗತ್ಯವೇ ಇರಲಿಲ್ಲ. ಆದರೂ ಸುಳ್ಳನ್ನು ಅಚ್ಚುಕಟ್ಟಾಗಿ ಹೇಳುವ ಚಟ.

ಹೋದ ವಾರ ಸಹೋದ್ಯೋಗಿಯೊಬ್ಬರ ಜೊತೆ ಅರ್ಧ ಗಂಟೆ ಮಾತಾಡಬೇಕಿತ್ತು. ಇಬ್ಬರಿಗೂ ಬಿಡುವಿರುವ ಹೊತ್ತು ಹುಡುಕು ಅಂದರೆ ಸಾಫ್ಟ್‌ವೇರ್ ಹನ್ನೊಂದು ದಿನದಾಚೆಗಿನ ಒಂದು ಮಧ್ಯಾಹ್ನ ತೋರಿಸಿತು. ಏನಪ್ಪಾ ಇಷ್ಟು ಕೆಲಸ ಇವರಿಗೆ ಅಂತ ಬೋರ್ಡಿನಲ್ಲೇ ಕೇಳಿಬಿಟ್ಟೆ. ಎರಡು ನಿಮಿಷಕ್ಕೆ ಫೋನ್ ಬಂತು. "ಸಾರ್, ಈಗ ಮಾತಾಡೋಣ್ವಾ? ನಾನು ಬಿಜಿ ಅಂತ ಸುಮ್ನೆ ಹಾಕಿರೋದು." ಆಗ ನನ್ನ ಕ್ಯಾಲೆಂಡರ್‌ನಲ್ಲೂ ವರದಿ ಪರಿಶೀಲನೆ ನಡೆದಿತ್ತು. ಮಾತು ಏಳು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತು ಇಬ್ಬರೂ ಕ್ಯಾಲೆಂಡರ್ ಬೈದೆವು.

ಬೋರ್ಡಿನಲ್ಲಿ ನನ್ನ ಆ ಪ್ರಶ್ನೆ ಇನ್ನೂ ಇದೆ. 31 ಜನ ಓದಿದ್ದಾರೆ.