ದಕ್ಷಿಣ ಇಟಲಿಯಲ್ಲಿ ಊಟ ಹುಡುಕುವವರಿಗೆ: ಲಿಸ್ಟ್ ಬಿಡಿ, ಗಡಿಯಾರ ನೋಡಿ

ಇಟಲಿಗೆ ಹೊರಟ ಸ್ನೇಹಿತರು ಮೆಸೇಜ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ. "ಒಳ್ಳೇ ಹೋಟೆಲ್‌ಗಳ ಲಿಸ್ಟ್ ಇದ್ರೆ ಕಳಿಸಿ." ರೋಮ್, ವೆನಿಸ್ ಆದರೆ ಕಳಿಸಬಹುದಿತ್ತೇನೋ. ಬಾರಿ ಅನ್ನುವ ನಗರದಲ್ಲಿ ಬಾಡಿಗೆ ಕಾರು ಹಿಡಿದು ಮಾತೇರಾ, ಲೆಚ್ಚೆ, ಕಲಾಬ್ರಿಯಾ, ಅಲ್ಲಿಂದ ಸಿಸಿಲಿ ಅಂತ ಹೊರಟವರಿಗೆ ನಾನು ಲಿಸ್ಟ್ ಕೊಡುವುದಿಲ್ಲ. ಜಿಪುಣತನ ಅಲ್ಲ. ಲಿಸ್ಟ್ ಹಿಡಿದು ಹೋದವರೇ ಪೆಟ್ರೋಲ್ ಬಂಕಿನಲ್ಲಿ ತಣ್ಣಗಿನ ಸ್ಯಾಂಡ್‌ವಿಚ್ ಕಚ್ಚುತ್ತಾ ನಿಂತದ್ದನ್ನು ನೋಡಿದ್ದೇನೆ.

ಅಲ್ಲಿ ಊಟವನ್ನು ತೀರ್ಮಾನಿಸುವುದು ಗಡಿಯಾರ. ಮಧ್ಯಾಹ್ನ 12.30ಕ್ಕೋ 1ಕ್ಕೋ ಅಡುಗೆಮನೆ ಶುರು. 2.30 ದಾಟಿತು ಅಂದರೆ ಒಲೆ ಆರಿಸುತ್ತಾರೆ. ಆಮೇಲೆ ರಾತ್ರಿ 7.30, 8ರವರೆಗೆ ಯಾರೂ ಏನೂ ಬೇಯಿಸುವುದಿಲ್ಲ. ನಾಲ್ಕು ಗಂಟೆಗೆ ಹೋದರೂ ಏನಾದರೂ ಬಿಸಿಯಾಗಿ ಸಿಗುತ್ತದೆ ಅನ್ನುವ ನಮ್ಮ ನಂಬಿಕೆಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಬೇಕು. ಜೊತೆಗೆ ವಾರದ ರಜೆ ಬೇರೆ. ಒಬ್ಬರದ್ದು ಸೋಮವಾರ, ಇನ್ನೊಬ್ಬರದ್ದು ಬುಧವಾರ. ಭಾನುವಾರ ಮಧ್ಯಾಹ್ನ ಕಿಕ್ಕಿರಿದು ತುಂಬಿದ ಜಾಗ ಅದೇ ರಾತ್ರಿ ಬಾಗಿಲು ಹಾಕಿರುತ್ತದೆ.

ಹಾಗಾಗಿ ನಾನು ಪ್ಲ್ಯಾನ್ ಮಾಡುವುದು ಹೀಗೆ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನಾವು ಯಾವ ಊರಿನಲ್ಲಿರಬೇಕು? ಅದನ್ನು ಮೊದಲು ಗೊತ್ತು ಮಾಡಿಕೊಳ್ಳುವುದು. ಕೋಟೆ, ಚರ್ಚು, ಬೀಚು ಎಲ್ಲ ಅದರ ಹಿಂದೆ ಮುಂದೆ. ಜಾಸ್ತಿ ಜನ ಇದನ್ನು ತಿರುಗಿಸಿ ಮಾಡುತ್ತಾರೆ. ಅಲ್ಬೆರೊಬೆಲ್ಲೋದಲ್ಲಿ ಶಂಕುವಿನಾಕಾರದ ಚಾವಣಿಯ ತ್ರುಲ್ಲಿ ಮನೆಗಳ ಮುಂದೆ ಫೋಟೋ ಮುಗಿಯುವಷ್ಟರಲ್ಲಿ ಎರಡು ಗಂಟೆ. ಪಾರ್ಕಿಂಗ್‌ನಿಂದ ಹೊರಬರುವಷ್ಟರಲ್ಲಿ ಎರಡೂಕಾಲು. ಲಿಸ್ಟಿನ ಹೋಟೆಲ್ ಇನ್ನೂ ಅರ್ಧ ಗಂಟೆ ದೂರ. ಮುಗೀತು ಕತೆ.

ಬೆಳಿಗ್ಗೆ ಒಂದು ಫೋನ್ ಮಾಡುವುದಂತೂ ಕಡ್ಡಾಯ. ಸಣ್ಣ ಊರುಗಳಲ್ಲಿ ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನ ಇಟಾಲಿಯನ್ ಅದಕ್ಕಿಂತ ಕಡೆ. "ಓಜ್ಜಿ, ಪ್ರಾಂಜೊ, ಕ್ವಾತ್ರೋ ಪೆರ್ಸೋನೆ." ಇವತ್ತು, ಮಧ್ಯಾಹ್ನದ ಊಟ, ನಾಲ್ಕು ಜನ. ಅಷ್ಟು ಸಾಕು. ಆ ಕಡೆಯಿಂದ "ಸೀ, ಸೀ" ಅಂದರೆ ಟೇಬಲ್ ನಿಮ್ಮದು.

ಹಾಗಾದರೆ ಜಾಗ ಆರಿಸುವುದು ಹೇಗೆ ಅಂತ ಕೇಳ್ತೀರಿ. ಗೂಗಲ್ ಮ್ಯಾಪ್ಸ್ ನಾನೂ ನೋಡುತ್ತೇನೆ, ಆದರೆ ಸ್ಟಾರ್ ನೋಡುವುದಿಲ್ಲ. ಇಟಾಲಿಯನ್‌ನಲ್ಲಿ ಬರೆದ ರಿವ್ಯೂ ಎಷ್ಟಿವೆ ಅಂತ ನೋಡುತ್ತೇನೆ. ಆಮೇಲೆ ಬೈದವರ ರಿವ್ಯೂ ಓದುತ್ತೇನೆ. "ಮೆನು ಕಾರ್ಡೇ ಕೊಡಲಿಲ್ಲ, ಅಜ್ಜಿ ಬಂದು ಬಾಯಲ್ಲೇ ಹೇಳಿದಳು, ಒಂದು ಸ್ಟಾರ್." ನನಗೆ ಅದು ಐದು ಸ್ಟಾರ್. "ಕಾರ್ಬೊನಾರಾ ಸಿಗಲಿಲ್ಲ" ಅಂತ ಯಾರೋ ಸಿಟ್ಟಾಗಿದ್ದರೆ ಇನ್ನೂ ಒಳ್ಳೆಯದು. ಕಾರ್ಬೊನಾರಾ ರೋಮ್‌ನ ಅಡುಗೆ, ಅದು ಲೆಚ್ಚೆಯಲ್ಲಿ ಯಾಕಿರಬೇಕು ಹೇಳಿ? ಕಾರ್ಬೊನಾರಾ, ಲಸಾನ್ಯ, ಬೊಲೊನೀಸ್ ಎಲ್ಲ ಒಂದೇ ಬೋರ್ಡಿನಲ್ಲಿ ಫೋಟೋ ಸಮೇತ ತೂಗುಬಿದ್ದಿದ್ದು, ಬಾಗಿಲಲ್ಲಿ ನಿಂತವನು ಒಳಗೆ ಕರೆಯುತ್ತಿದ್ದರೆ ನಿಲ್ಲದೆ ಮುಂದೆ ನಡೆದುಬಿಡಿ. ಪುಸ್ತಕವೇ ಬೇಕು ಅನ್ನುವವರಿಗೆ ಸ್ಲೋ ಫುಡ್ ಸಂಸ್ಥೆ 1990ರಿಂದ ತರುತ್ತಿರುವ 'ಓಸ್ತೆರಿಯೆ ದಿತಾಲಿಯಾ' ಇದೆ. ಬಸವನಹುಳುವಿನ ಗುರುತು ಸಿಕ್ಕ ಜಾಗಗಳು ಅದರಲ್ಲಿ ವಿಶೇಷ. ಇಟಾಲಿಯನ್ ಬರದಿದ್ದರೂ ಊರಿನ ಹೆಸರು, ರಜೆ ದಿನ ಓದಲು ಏನು ಕಷ್ಟ?

ಇಲ್ಲಿಂದ ಮುಂದೆ ನಮ್ಮಮ್ಮನ ವಿಷಯ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೊರಡುವ ಮೊದಲು ಎಲ್ಲರೂ ಹೆದರಿಸಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಅಂಥವರನ್ನು ಕರೆದುಕೊಂಡು ಹೋಗಲು ಇಟಲಿಯಲ್ಲಿ ದಕ್ಷಿಣವೇ ಸರಿ. ಉತ್ತರದ ಬೊಲೋನ್ಯ ಕಡೆ ತಾಜಾ ಪಾಸ್ತಾಗೆ ಮೊಟ್ಟೆ ಹಾಕಿ ಕಲೆಸುತ್ತಾರೆ. ಬಾರಿ, ಲೆಚ್ಚೆ ಇರುವ ಪುಲ್ಯಾ ಪ್ರಾಂತ್ಯದಲ್ಲಿ ಹಳೇ ಪದ್ಧತಿಯೇ ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೆ. ಬಾರಿಯ ಹಳೇ ಪೇಟೆಯಲ್ಲಿ ಆರ್ಕೋ ಬಾಸ್ಸೋ ಅನ್ನುವ ಓಣಿಯಿದೆ. ಹೆಂಗಸರು ಮನೆ ಬಾಗಿಲಲ್ಲೇ ಮರದ ಹಲಗೆ ಇಟ್ಟುಕೊಂಡು, ಚಾಕುವಿನ ತುದಿಯಲ್ಲಿ ಹಿಟ್ಟು ಎಳೆದು ಓರೆಕ್ಯೆತ್ತೆ ಅನ್ನುವ ಪುಟ್ಟ ಕಿವಿಯಾಕಾರದ ಪಾಸ್ತಾ ಮಾಡುತ್ತಾರೆ. ಅಮ್ಮ ಅಲ್ಲಿಂದ ಏಳಲೇ ಇಲ್ಲ. ಒಬ್ಬಾಕೆಯ ಪಕ್ಕ ಕೂತು ಕೈಸನ್ನೆಯಲ್ಲೇ ಮಾತು.

ಬಡವರ ಅಡುಗೆ ಅಲ್ಲಿ ಇನ್ನೂ ಮರ್ಯಾದೆಯಿಂದ ಉಳಿದಿದೆ. ಫಾವೆ ಎ ಚಿಕೋರಿಯಾ ಅಂತ ಒಂದಿದೆ. ಸಿಪ್ಪೆ ತೆಗೆದ ಒಣ ಫಾವಾ ಕಾಳನ್ನು ಕರಗುವಷ್ಟು ಬೇಯಿಸಿ, ಪಕ್ಕದಲ್ಲಿ ಬೆಂದ ಕಹಿ ಚಿಕೋರಿ ಸೊಪ್ಪು, ಮೇಲೆ ಧಾರಾಳ ಆಲಿವ್ ಎಣ್ಣೆ. ಅಮ್ಮ ಎರಡು ಚಮಚ ತಿಂದು, "ಇದು ನಂಗೆ ಆಗುತ್ತೆ ಕಣೋ" ಅಂದರು. ಲೆಚ್ಚೆ ಕಡೆ ಹೋದರೆ ಚಿಚೆರಿ ಎ ತ್ರಿಯಾ. ಕಡಲೆಕಾಳಿನ ಜೊತೆ ಪಾಸ್ತಾ, ಅದರಲ್ಲೂ ಸ್ವಲ್ಪ ಪಾಸ್ತಾವನ್ನು ಎಣ್ಣೆಯಲ್ಲಿ ಕರಿದು ಬೆರೆಸಿರುತ್ತಾರೆ. ಮಾತೇರಾ ಇರುವ ಬಸಿಲಿಕಾತಾ ಪ್ರಾಂತ್ಯದಲ್ಲಿ ಪೆಪೆರೋನಿ ಕ್ರುಸ್ಕಿ. ಸೆನಿಸೆ ಊರಿನ ಕೆಂಪು ಮೆಣಸಿನಕಾಯಿಯನ್ನು ಒಣಗಿಸಿ ಕರಿದದ್ದು. ನಮ್ಮ ಬಾಳಕದ ಮೆಣಸಿನಕಾಯಿಯೇ, ಖಾರ ಮಾತ್ರ ಇಲ್ಲ. ಮಾತೇರಾದಲ್ಲಿ ಪಾಸ್ತಾ ಮೇಲೆ ಪುಡಿ ಮಾಡಿ ಉದುರಿಸುತ್ತಾರೆ.

ಆದರೆ ಕೆಲವು ಕಡೆ ಎಚ್ಚರ ಬೇಕು. ಓರೆಕ್ಯೆತ್ತೆಗೆ ಹಾಕುವ ಚೀಮೆ ದಿ ರಾಪಾ ಸೊಪ್ಪಿನ ಒಗ್ಗರಣೆಯಲ್ಲಿ ಆಂಚೋವಿ ಮೀನು ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮಾಂಸ ಬೇಡ ಅಂದರೆ ಸಾಲದು. ಹಂದಿಯ ಹ್ಯಾಮ್ ಬೇಡ, ಮೀನು ಬೇಡ ಅಂತ ಒಂದೊಂದಾಗಿ ಹೇಳಬೇಕು. ಲೆಚ್ಚೆಯ ಹೆಸರುವಾಸಿ ಪಾಸ್ತಿಚ್ಚೊತ್ತೋ ಸಿಹಿಯ ಹೊರಪದರಕ್ಕೆ ಹಳೇ ಕ್ರಮದಲ್ಲಿ ಹಂದಿ ಕೊಬ್ಬು ಹಾಕುತ್ತಾರೆ, ಒಳಗಿನ ಕ್ರೀಮಿನಲ್ಲಿ ಮೊಟ್ಟೆ. ಎಷ್ಟೋ ಚೀಸ್‌ಗಳಿಗೆ ಹಾಲು ಒಡೆಸುವುದು ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ಹೆಪ್ಪಿನಿಂದ. ಕಟ್ಟುನಿಟ್ಟಿನವರಿಗೆ ತಿಳಿದಿರಲಿ ಅಂತ ಹೇಳಿದೆ.

ನನ್ನ ಪ್ರಕಾರ ರೋಡ್ ಟ್ರಿಪ್‌ನ ನಿಜವಾದ ಆಸರೆ ಬ್ರೆಡ್ಡಿನ ಅಂಗಡಿ. ಬೋರ್ಡಿನಲ್ಲಿ ಫೋರ್ನೋ ಅಥವಾ ಪನಿಫಿಚ್ಚೋ ಅಂತಿರುತ್ತದೆ. ಬೆಳಿಗ್ಗೆ ಹೊರಡುವಾಗ ಒಂದು ದೊಡ್ಡ ತುಂಡು ಬಾರಿಯ ಫೊಕಾಚ್ಚಾ ಅನ್ನುವ ಚಪ್ಪಟೆ ಬ್ರೆಡ್ ಕಟ್ಟಿಸಿಕೊಂಡು ಡಿಕ್ಕಿಯಲ್ಲಿಟ್ಟರೆ ಗಡಿಯಾರದ ಭಯವೇ ಅರ್ಧ ಹೋಗುತ್ತದೆ. ಟೊಮೆಟೊ, ಆಲಿವ್, ಅಂಚು ಗರಿಗರಿ. ತೂಕದ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಜನಕ್ಕೆ ಕೆಲವೇ ಯೂರೋ. ಈ ಅಂಗಡಿಗಳೂ ಮಧ್ಯಾಹ್ನ ಮುಚ್ಚುತ್ತವೆ, ಬೆಳಿಗ್ಗೆಯೇ ತಗೊಳ್ಳಿ. ಬಾರಿಯಿಂದ ಮಾತೇರಾ ದಾರಿಯಲ್ಲಿ ಅಲ್ತಮೂರಾ ಬರುತ್ತದೆ, ಅಲ್ಲಿ ನಿಲ್ಲಿಸದೆ ಹೋಗಬೇಡಿ. ಅಲ್ಲಿನ ಹಳದಿ ತಿರುಳಿನ, ದಪ್ಪ ಸಿಪ್ಪೆಯ ಬ್ರೆಡ್ಡಿಗೆ 2003ರಲ್ಲಿ ಯುರೋಪಿನ ಡಿಒಪಿ ಮಾನ್ಯತೆ, ಅಂದರೆ ಮೂಲ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿತು. 2001ರಲ್ಲಿ ಆ ಊರಿಗೆ ಮೆಕ್‌ಡೊನಾಲ್ಡ್ಸ್ ಬಂತು. ಪಕ್ಕದಲ್ಲೇ ಒಬ್ಬ ಬೇಕರಿಯವನು ಫೊಕಾಚ್ಚಾ ಮಾರಲು ಕೂತ. ಎರಡು ವರ್ಷ ತುಂಬುವ ಮೊದಲೇ ಮೆಕ್‌ಡೊನಾಲ್ಡ್ಸ್ ಬಾಗಿಲು ಹಾಕಿತು. ಒಂದು ತುಂಡು ತಿಂದವರಿಗೆ ಯಾಕೆ ಅಂತ ವಿವರಿಸಬೇಕಾಗಿಲ್ಲ.

ಮಾಂಸ ತಿನ್ನುವವರಿಗೆ ಇತ್ರಿಯಾ ಕಣಿವೆಯ ಚಿಸ್ತೆರ್ನೀನೋ ಊರು. ಅಲ್ಲಿ ಮಾಂಸದ ಅಂಗಡಿಯೇ ಹೋಟೆಲ್. ಗಾಜಿನ ಹಿಂದಿರುವುದನ್ನು ಬೆರಳು ತೋರಿಸಿ ಆರಿಸುತ್ತೀರಿ, ಅವನು ತೂಕ ಹಾಕಿ ಅಲ್ಲೇ ಸೌದೆ ಒಲೆಯಲ್ಲಿ ಸುಟ್ಟು ಬೀದಿಯ ಟೇಬಲ್ಲಿಗೆ ತಂದಿಡುತ್ತಾನೆ. ಒಳಗೆ ಚೀಸ್ ಇಟ್ಟು ಸುತ್ತಿದ ಹಂದಿಮಾಂಸದ ಬೊಂಬೆತ್ತೆ ನನ್ನ ಹೆಂಡತಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾದ ತಿಂಡಿ. ಅಮ್ಮ ಸ್ವಲ್ಪ ದೂರದಲ್ಲಿ ಬೆಂಚಿನ ಮೇಲೆ ಐಸ್‌ಕ್ರೀಂ ತಿನ್ನುತ್ತಾ ಕೂತಿದ್ದರು, ನಮ್ಮ ಕಡೆ ಬೆನ್ನು ಹಾಕಿ.

ಇಂಥ ಊರುಗಳ ಒಳಗೆ ಕಾರು ಒಯ್ಯಬೇಡಿ. ಹಳೇ ಪೇಟೆಯ ಸುತ್ತ ಜೆಡ್‌ಟಿಎಲ್ ಅನ್ನುವ ನಿರ್ಬಂಧಿತ ವಲಯ, ಕ್ಯಾಮೆರಾ ಇರುತ್ತದೆ. ಊಟಕ್ಕಿಂತ ದಂಡ ಜಾಸ್ತಿ ಆಗುತ್ತದೆ. ಹೊರಗೆ ನಿಲ್ಲಿಸಿ ನಡೆಯಿರಿ.

ಭಾನುವಾರ ಮಧ್ಯಾಹ್ನಕ್ಕೆ ನನ್ನ ಆಯ್ಕೆ ಅಗ್ರಿತುರಿಸ್ಮೋ. ತೋಟದ ಮನೆಯಲ್ಲಿ ಊಟ. ಕೃಷಿಯೇ ಮುಖ್ಯ ಕೆಲಸವಾಗಿರಬೇಕು, ಅತಿಥಿ ಸತ್ಕಾರ ಅದರ ಜೊತೆಗಿನದು ಅಂತ ಇಟಲಿಯಲ್ಲಿ ಕಾನೂನೇ ಇದೆ. ಹಾಗಾಗಿ ಎಣ್ಣೆ, ತರಕಾರಿ, ಚೀಸ್ ಬಹಳಷ್ಟು ಅವರದೋ ಅಕ್ಕಪಕ್ಕದವರದೋ ಆಗಿರುತ್ತದೆ. ಇಷ್ಟು ಯೂರೋ ಅಂತ ನಿಗದಿ, ತಂದದ್ದನ್ನು ತಿನ್ನುವುದು. ಪುಲ್ಯಾದಲ್ಲಿ ಆಂತಿಪಾಸ್ತೋ ಹೆಸರಿನಲ್ಲಿ ಸಣ್ಣ ತಟ್ಟೆಗಳು ಬರುತ್ತಲೇ ಇರುತ್ತವೆ. ಬದನೆಕಾಯಿ, ಝುಕಿನಿ ಹೂವು, ರಿಕೋತ್ತಾ ಚೀಸ್, ಕಾಳು. ಬ್ರೆಡ್ ತಿಂದು ಹೊಟ್ಟೆ ತುಂಬಿಸಿಕೊಳ್ಳಬೇಡಿ, ಪಾಸ್ತಾ ಇನ್ನೂ ಬಂದಿರುವುದಿಲ್ಲ. ಅಂಥ ಊಟದ ಮೇಲೆ ಕಾರು ಓಡಿಸುವವರು ಯಾರು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರಿ, ಯಾಕೆಂದರೆ ಜೊತೆಗೆ ವೈನ್ ಕೂಡ ಇರುತ್ತದೆ.

ಬಿಲ್ಲಿನಲ್ಲಿ ಕೋಪೆರ್ತೋ ಅಂತ ತಲೆಗೆ ಎರಡೋ ಮೂರೋ ಯೂರೋ ಕಂಡರೆ ಜಗಳ ಬೇಡ. ಬ್ರೆಡ್ಡು, ಟೇಬಲ್ ಬಟ್ಟೆಯ ಲೆಕ್ಕ ಅದು, ಮೆನುವಿನಲ್ಲೇ ಬರೆದಿರುತ್ತದೆ. ನೋಡಬೇಕಾದ್ದು ಮೀನಿನ ರೇಟು. ಹಲವು ಕಡೆ 100 ಗ್ರಾಂಗೆ ಇಷ್ಟು ಅಂತ ಹಾಕಿರುತ್ತಾರೆ, ನಾವು ಪ್ಲೇಟಿಗೆ ಅಂದುಕೊಳ್ಳುತ್ತೇವೆ. ತೂಕ ಹಾಕಿಸಿ, ಕೇಳಿ, ಆಮೇಲೆ ಹೂಂ ಅನ್ನಿ.

ಕಲಾಬ್ರಿಯಾ ಬಗ್ಗೆ ಒಂದು ಮಾತು. ಸಲೆರ್ನೋದಿಂದ ರೆಜ್ಜೋವರೆಗಿನ ಎ2 ಹೆದ್ದಾರಿಗೆ ಟೋಲ್ ಇಲ್ಲ. ಹಾಗಿರುವಾಗ ಹೆದ್ದಾರಿಯ ಪಕ್ಕದ ಅಂಗಡಿಯಲ್ಲೇ ತಿನ್ನುವುದು ಶುದ್ಧ ಸೋಮಾರಿತನ. ಒಂದು ಎಕ್ಸಿಟ್ ಇಳಿದು ಹತ್ತಿರದ ಊರಿಗೆ ಹೋಗಿ, ಊಟ ಮುಗಿಸಿ ಮತ್ತೆ ಹತ್ತಿದರೆ ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಲಾರಿ, ಕೆಲಸಗಾರರ ವ್ಯಾನು ನಿಂತ ಕಡೆ ಮಧ್ಯಾಹ್ನ ಒಂದು ಪಾಸ್ತಾ, ಒಂದು ಪಲ್ಯ, ನೀರು, ಕಾಫಿ ಸೇರಿಸಿ ಕಡಿಮೆ ದುಡ್ಡಿಗೆ ಕೊಡುತ್ತಾರೆ. ಅಲ್ಲಿ ಕುರ್ಚಿ ಚೆನ್ನಾಗಿರುವುದಿಲ್ಲ. ಇರಲಿ.

ವಿಲ್ಲಾ ಸಾನ್ ಜೊವಾನ್ನಿಯಲ್ಲಿ ಕಾರು ಸಮೇತ ಹಡಗು ಹತ್ತಿ ಸಿಸಿಲಿಯ ಮೆಸ್ಸೀನಾಕ್ಕೆ ದಾಟುವಾಗ ಜನ ಅರಾಂಚಿನಿ ತಿನ್ನುತ್ತಾರೆ, ಅನ್ನದ ಉಂಡೆ ಕರಿದದ್ದು. ಸಸ್ಯಾಹಾರಿಗಳು ಸುಮ್ನೆ ಆಸೆಪಡಬೇಡಿ. ಮಾಮೂಲಿಯದರಲ್ಲಿ ಮಾಂಸ, ಬೆಣ್ಣೆಯದು ಅಂತ ಕರೆಯುವುದರಲ್ಲೂ ಹ್ಯಾಮ್. ಪಾಲೆರ್ಮೋ ತಲುಪುವವರೆಗೆ ತಡೆದುಕೊಳ್ಳಿ. ಬಾಲ್ಲರೋ ಸಂತೆಯಲ್ಲಿ ಪನೆಲ್ಲೆ ಸಿಗುತ್ತದೆ. ಕಡಲೆಹಿಟ್ಟನ್ನು ಬೇಯಿಸಿ, ತೆಳ್ಳಗೆ ಕತ್ತರಿಸಿ, ಕರಿದು ಬನ್ನಿನೊಳಗೆ ಇಟ್ಟು ನಿಂಬೆ ಹಿಂಡುತ್ತಾರೆ. ಅದಕ್ಕೆ ಗಡಿಯಾರದ ಕಾಟ ಕಡಿಮೆ, ಬೀದಿ ತಿಂಡಿ.

ಬೇಸಿಗೆಯಲ್ಲಿ ಹೋಗುವವರು ಊರ ಗೋಡೆಗಳ ಪೋಸ್ಟರ್ ನೋಡುತ್ತಾ ಹೋಗಿ. ಸಾಗ್ರಾ ಅಂತ ಬರೆದಿದ್ದರೆ ಅದು ಹಳ್ಳಿಯ ತಿಂಡಿ ಹಬ್ಬ. ಕೂಪನ್ ಸಾಲು, ಪ್ಲಾಸ್ಟಿಕ್ ಕುರ್ಚಿ, ಊರವರೇ ಬಡಿಸುವುದು. ಅದಕ್ಕಾಗಿ ನಾನು ರೂಟ್ ಬದಲಿಸಲೂ ತಯಾರು. ಆದರೆ ಆಗಸ್ಟ್ 15ರ ಆಸುಪಾಸು ಮಾತ್ರ ಬೇರೆಯೇ ಲೋಕ. ಫೆರ್ರಾಗೋಸ್ತೋ ರಜೆಗೆ ಇಡೀ ದೇಶವೇ ಸಮುದ್ರದ ಕಡೆ ಬಂದಿರುತ್ತದೆ. ಒಳನಾಡಿನ ನಗರಗಳಲ್ಲಿ ಎಷ್ಟೋ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ, ದಡದ ಊರುಗಳಲ್ಲಿ ಜಾಗ ಇರುವುದಿಲ್ಲ. ಆ ವಾರವೇ ಹೋಗಬೇಕು ಅನ್ನುವವರು ರೂಮು ಬುಕ್ ಮಾಡುವ ದಿನವೇ ಊಟದ ಟೇಬಲನ್ನೂ ಬುಕ್ ಮಾಡಿ.